ಸಾಫ್ಟ್‌ವೇರ್ ಇಂಟರ್‌ವ್ಯೂಗೆ ಕಾಸರಗೋಡಿನಿಂದ ಹೊರಡುವವರಿಗೆ: ರೆಸ್ಯೂಮೆಯಿಂದ ಆಫರ್ ಲೆಟರ್‌ವರೆಗೆ

"ಅಣ್ಣಾ, ಟೆಸ್ಟ್ ಪಾಸಾಯ್ತು, ಎರಡನೇ ರೌಂಡಲ್ಲಿ ಹೋಯ್ತು."

ಈ ಫೋನು ನನಗೆ ಪ್ರತಿ ವರ್ಷ ಬರುತ್ತದೆ. ಬದಿಯಡ್ಕದಿಂದ, ಪೆರ್ಲದಿಂದ, ಮುಳ್ಳೇರಿಯದಿಂದ, ಮಂಜೇಶ್ವರದಿಂದ. ವಿಚಾರಿಸಿದರೆ ಎಲ್ಲರ ಕತೆಯೂ ಒಂದೇ. ಪ್ರಶ್ನೆ ಗೊತ್ತಿತ್ತು, ಉತ್ತರವೂ ಗೊತ್ತಿತ್ತು, ಆದರೂ ಆಗಲಿಲ್ಲ. ನಾನೀಗ ಮೇಜಿನ ಆಚೆ ಬದಿಯಲ್ಲಿ ಕೂತು ಈಗಷ್ಟೇ ಕಾಲೇಜು ಮುಗಿಸಿದ ಫ್ರೆಶರ್‌ಗಳನ್ನು ಇಂಟರ್‌ವ್ಯೂ ಮಾಡುವವನು. ಅಲ್ಲಿಂದ ನೋಡಿದರೆ ಕಾರಣ ಕಣ್ಣಿಗೆ ಹೊಡೆಯುತ್ತದೆ. ಪ್ರಶ್ನೆ ಕೇಳಿದ ಕೂಡಲೇ ಹುಡುಗ ತಲೆ ತಗ್ಗಿಸಿ ಕೋಡ್ ಬರೆಯಲು ಶುರು ಮಾಡುತ್ತಾನೆ, ಇಪ್ಪತ್ತು ನಿಮಿಷ ಒಂದು ಮಾತಿಲ್ಲ, ಕೊನೆಗೆ "ಡನ್ ಸರ್" ಅನ್ನುತ್ತಾನೆ. ಅವನು ಹೇಗೆ ಯೋಚಿಸಿದ ಅಂತ ನಾನು ವರದಿಯಲ್ಲಿ ಬರೆಯಬೇಕು. ಬರೆಯಲು ನನ್ನ ಹತ್ತಿರ ಏನೂ ಇರುವುದಿಲ್ಲ.

ಹಾಗಾಗಿ ಈ ಬರಹದಲ್ಲಿ ಕೋಡಿಂಗಿಗಿಂತ ಬಾಯಿ ಬಿಡುವ ವಿಷಯವೇ ಜಾಸ್ತಿ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಬಿಟ್ಟು ಐದಕ್ಕೆ ಹಾರಿದವರೇ ನನಗೆ ಮತ್ತೆ ಫೋನ್ ಮಾಡುವುದು.

## ಮೊದಲು ಕೈಯಲ್ಲಿ ಇರಬೇಕಾದ್ದು

ಕ್ಯಾಮೆರಾ ಸರಿಯಿರುವ ಲ್ಯಾಪ್‌ಟಾಪ್. ವೈರ್ ಇರುವ ಇಯರ್‌ಫೋನ್. ಬ್ಲೂಟೂತ್ ಬೇಡ, ಅದರ ಚಾರ್ಜ್ ಮುಗಿಯುವುದು ಸರಿಯಾಗಿ ಇಂಟರ್‌ವ್ಯೂ ಮಧ್ಯದಲ್ಲೇ. ಮನೆಯ ವೈಫೈ ಯಾವ ಕಂಪನಿಯದೋ ಅದಲ್ಲದ ಬೇರೆ ಕಂಪನಿಯ ಸಿಮ್ ಇರುವ ಫೋನು. ಒಂದು ನೋಟ್‌ಬುಕ್, ಪೆನ್ನು. ನೆಟ್ಟಗಿನ ಹೆಸರಿನ ಇಮೇಲ್ ಐಡಿ. "ಕೂಲ್‌ಬಾಯ್ ರಾಕ್ಸ್" ಅಂತ ಶುರುವಾಗುವ ಐಡಿಯಿಂದ ಅರ್ಜಿ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇದರ ಜೊತೆಗೆ ಒಬ್ಬ ಜೊತೆಗಾರ ಬೇಕು, ನಿಮ್ಮಷ್ಟೇ ಗರಜು ಇರುವವನು. ಕ್ಲಾಸಿನಲ್ಲಿ ಫಸ್ಟ್ ಬರುವವನೇ ಆಗಬೇಕೆಂದಿಲ್ಲ. ವಾರಕ್ಕೆ ಎರಡು ಸಲ ಒಬ್ಬರನ್ನೊಬ್ಬರು ಇಂಟರ್‌ವ್ಯೂ ಮಾಡಬೇಕು, ಅಷ್ಟೇ.

## ಹಂತ 1: ಯಾವ ಬಾಗಿಲು ಅಂತ ತಿಳಿಯಿರಿ

ದೊಡ್ಡ ಕಂಪನಿ ಅಂದರೆ ಎಲ್ಲ ಒಂದೇ ಥರ ಅಲ್ಲ. ಟಿಸಿಎಸ್, ಇನ್ಫೋಸಿಸ್, ವಿಪ್ರೋದಂಥ, ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸರ್ವಿಸ್ ಕಂಪನಿಗಳು ಒಂದೇ ಸಲಕ್ಕೆ ತುಂಬ ಜನರನ್ನು ತೆಗೆದುಕೊಳ್ಳುತ್ತವೆ. ಅಲ್ಲಿ ಲೆಕ್ಕ, ತರ್ಕ, ಇಂಗ್ಲಿಷ್ ಸೇರಿದ ಆಪ್ಟಿಟ್ಯೂಡ್ ಟೆಸ್ಟ್, ಸ್ವಲ್ಪ ಕೋಡಿಂಗ್, ಆಮೇಲೆ ಇಂಟರ್‌ವ್ಯೂ. ತಮ್ಮದೇ ಸಾಫ್ಟ್‌ವೇರ್ ಕಟ್ಟುವ ಪ್ರಾಡಕ್ಟ್ ಕಂಪನಿಗಳಲ್ಲಿ ಆಪ್ಟಿಟ್ಯೂಡ್ ಕಡಿಮೆ, ಕೋಡಿಂಗ್ ಜಾಸ್ತಿ: ಒಂದು ಒಂದೂವರೆ ಗಂಟೆಯ ಆನ್‌ಲೈನ್ ಟೆಸ್ಟ್, ಅದಾದ ಮೇಲೆ 45 ನಿಮಿಷದಿಂದ ಒಂದು ಗಂಟೆಯ ಎರಡು ಮೂರು ಟೆಕ್ನಿಕಲ್ ರೌಂಡ್, ಕೊನೆಗೆ ಮ್ಯಾನೇಜರ್ ಅಥವಾ ಎಚ್‌ಆರ್. ಯಾವುದಕ್ಕೆ ಹೋಗುತ್ತಿದ್ದೀರಿ ಎಂದು ತಿಳಿಯದೆ ತಯಾರಿ ಮಾಡಿದರೆ ಆಪ್ಟಿಟ್ಯೂಡ್ ಪುಸ್ತಕ ಹಿಡಿದು ಟ್ರೀ, ಗ್ರಾಫ್ ಕೇಳುವವರ ಎದುರು ಕೂತಂತೆ ಆಗುತ್ತದೆ.

ಅರ್ಜಿ ಹಾಕುವ ಮೊದಲು ಅರ್ಹತೆ ಓದಿ. ಹತ್ತನೇ, ಹನ್ನೆರಡನೇ, ಡಿಗ್ರಿ ಮೂರರಲ್ಲೂ 60 ಶೇಕಡಾ ಕೇಳುವವರಿದ್ದಾರೆ. ಬಾಕಿ ಉಳಿದ ಪೇಪರ್ ಇರಬಾರದು ಅನ್ನುವವರಿದ್ದಾರೆ.

ಇಲ್ಲಿ ನಮ್ಮವರಿಗೆ ಮಾತ್ರ ಬರುವ ಒಂದು ತೊಡಕು ಇದೆ. ಕೇರಳ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ಇರುವುದು ಎ ಪ್ಲಸ್, ಎ, ಬಿ ಪ್ಲಸ್ ಅಂತ ಗ್ರೇಡು. ಕಂಪನಿಯ ಫಾರ್ಮಿನಲ್ಲಿ ಕೇಳುವುದು ಶೇಕಡಾ. ಮನಸ್ಸಿಗೆ ಬಂದ ಅಂಕಿ ತುಂಬಿಸಬೇಡಿ, ಆಮೇಲೆ ದಾಖಲೆ ಪರಿಶೀಲಿಸುವಾಗ ಅದೇ ಸಿಕ್ಕಿಬೀಳುತ್ತದೆ. ಗ್ರೇಡನ್ನು ಹೇಗೆ ತುಂಬಿಸಲಿ ಎಂದು ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ, ಬಂದ ಉತ್ತರ ಇಟ್ಟುಕೊಳ್ಳಿ. ಕಾಲೇಜಿನ ಸಿಜಿಪಿಎಯನ್ನು ಶೇಕಡಾಕ್ಕೆ ತಿರುಗಿಸುವ ಸೂತ್ರವೂ ಯೂನಿವರ್ಸಿಟಿಗೊಂದು, ಸ್ಕೀಮಿಗೊಂದು. ಮಂಗಳೂರಲ್ಲಿ ಓದುವ ಗೆಳೆಯನ ಸೂತ್ರ ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೆ ನಡೆಯದು.

ಇನ್ನು ದಾರಿ. ಕ್ಯಾಂಪಸ್ಸಿಗೆ ಕಂಪನಿ ಬಂದರೆ ಅದೇ ಸುಲಭ. ಬಾರದಿದ್ದರೆ ಕಂಪನಿಯ ಕೆರಿಯರ್ ಪುಟದಲ್ಲಿ ನೇರ ಅರ್ಜಿ, ಜೊತೆಗೆ ಒಳಗಿರುವವರಿಂದ ರೆಫರಲ್, ಅಂದರೆ ಶಿಫಾರಸು. ರೆಫರಲ್ ಕೇಳುವಾಗ "ಅಣ್ಣ, ಏನಾದ್ರೂ ಕೆಲ್ಸ ಇದ್ರೆ ಹೇಳಿ" ಎಂದು ಬರೆದರೆ ಯಾರಿಗೂ ಏನೂ ಮಾಡಲಿಕ್ಕಾಗುವುದಿಲ್ಲ. ಕೆಲಸದ ಲಿಂಕ್, ಅದರ ಐಡಿ ಸಂಖ್ಯೆ, ರೆಸ್ಯೂಮೆ, ನಿಮ್ಮ ಬಗ್ಗೆ ಮೂರು ಸಾಲು ಒಟ್ಟಿಗೆ ಕಳಿಸಿ. ಐದು ನಿಮಿಷದಲ್ಲಿ ಆಗುವ ಕೆಲಸ ಅನಿಸಿದರೆ ಅವರು ಮಾಡಿಯೇ ಮಾಡುತ್ತಾರೆ.

## ಹಂತ 2: ಒಂದೇ ಪುಟದ ರೆಸ್ಯೂಮೆ

ಒಂದು ಪುಟ, ಪಿಡಿಎಫ್. ಫೋಟೋ, ತಂದೆಯ ಹೆಸರು, ಜಾತಿ, ಧರ್ಮ, ಹವ್ಯಾಸ, "ಮೇಲಿನದೆಲ್ಲ ಸತ್ಯವೆಂದು ಘೋಷಿಸುತ್ತೇನೆ" ಎಂಬ ಸಾಲು, ಇದೆಲ್ಲ ತೆಗೆಯಿರಿ. ಎರಡು ಕಾಲಂ, ಬಣ್ಣದ ಪಟ್ಟಿ, ನಕ್ಷತ್ರದಲ್ಲಿ ತೋರಿಸಿದ ಕೌಶಲ ಬೇಡ. ರೆಸ್ಯೂಮೆಯನ್ನು ಮೊದಲು ಓದುವುದು ಎಷ್ಟೋ ಕಡೆ ಸಾಫ್ಟ್‌ವೇರ್, ಅದಕ್ಕೆ ಸಾದಾ ಅಕ್ಷರವೇ ಸರಿಯಾಗಿ ಓದಲು ಬರುವುದು.

ಪ್ರಾಜೆಕ್ಟಿನ ಸಾಲಿನಲ್ಲಿ ಏನು ಕಟ್ಟಿದಿರಿ, ಯಾವುದರಲ್ಲಿ ಕಟ್ಟಿದಿರಿ, ನಿಮ್ಮ ಕೈಯಿಂದ ಆದದ್ದೇನು ಈ ಮೂರು ಇರಲಿ. "ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್" ಅಂತ ಮಾತ್ರ ಬರೆದರೆ ಸಾಲದು. ಪುಸ್ತಕ ಹುಡುಕುವ ಭಾಗ ನಾನು ಬರೆದೆ, ಹೆಸರಿನ ಕಾಲಂಗೆ ಇಂಡೆಕ್ಸ್ ಹಾಕಿದ ಮೇಲೆ ಹುಡುಕಾಟ ವೇಗವಾಯಿತು ಎಂದು ಬರೆಯಿರಿ. ಕೇಳಲು ನನಗೂ ಒಂದು ಪ್ರಶ್ನೆ ಸಿಗುತ್ತದೆ, ಹೇಳಲು ನಿಮಗೂ ಏನಾದರೂ ಇರುತ್ತದೆ.

ರೆಸ್ಯೂಮೆಯಲ್ಲಿ ಇರುವ ಪ್ರತಿ ಶಬ್ದದ ಮೇಲೂ ಪ್ರಶ್ನೆ ಬರಬಹುದು. ಎರಡು ದಿನ ವಿಡಿಯೋ ನೋಡಿ "ಮೆಷಿನ್ ಲರ್ನಿಂಗ್" ಎಂದು ಬರೆದವರಿಗೆ ಬೇರೆ ಯಾರೂ ಹಳ್ಳ ತೋಡಬೇಕಾಗಿಲ್ಲ.

## ಹಂತ 3: ಹನ್ನೆರಡು ವಾರದ ಅಭ್ಯಾಸ, ಈ ಕ್ರಮದಲ್ಲಿ

ಒಂದು ಭಾಷೆ ಆರಿಸಿ. ಜಾವಾ, ಪೈಥಾನ್, ಸಿ ಪ್ಲಸ್ ಪ್ಲಸ್, ಯಾವುದಾದರೂ ಆದೀತು. ಬರಿಯ ಸಿ ಬೇಡ, ಅದರಲ್ಲಿ ಹ್ಯಾಶ್‌ಮ್ಯಾಪ್ (ಒಂದು ಹೆಸರೋ ಸಂಖ್ಯೆಯೋ ಕೊಟ್ಟರೆ ಅದರ ಜೊತೆ ಬರೆದಿಟ್ಟದ್ದನ್ನು ತಟ್ಟನೆ ಹುಡುಕಿಕೊಡುವ ಪಟ್ಟಿ) ಕೂಡ ನೀವೇ ಕಟ್ಟಬೇಕಾಗುತ್ತದೆ. ನಡುವಲ್ಲಿ ಭಾಷೆ ಬದಲಿಸಬೇಡಿ.

ಮೊದಲ ಎರಡು ವಾರ ಆ ಭಾಷೆಯ ಲಿಸ್ಟ್, ಮ್ಯಾಪ್, ಸೆಟ್, ಸ್ಟ್ರಿಂಗ್, ಸಾರ್ಟ್ ಕೈಗೆ ಹತ್ತುವಷ್ಟು ಬರೆಯಿರಿ. ಮೂರರಿಂದ ಐದನೇ ವಾರ ಅರೇ, ಸ್ಟ್ರಿಂಗ್, ಹ್ಯಾಶ್‌ಮ್ಯಾಪ್, ಟೂ ಪಾಯಿಂಟರ್, ಸ್ಲೈಡಿಂಗ್ ವಿಂಡೋ, ಬೈನರಿ ಸರ್ಚ್. ಈ ಮೂರು ವಾರವನ್ನು ಓಡಿಸಬೇಡಿ. ಫ್ರೆಶರ್‌ಗೆ ಕೇಳುವುದರಲ್ಲಿ ದೊಡ್ಡ ಪಾಲು ಇಲ್ಲೇ ಇದೆ. ಆರರಿಂದ ಎಂಟು ಸ್ಟಾಕ್, ಕ್ಯೂ, ಲಿಂಕ್ಡ್ ಲಿಸ್ಟ್, ರಿಕರ್ಶನ್, ಟ್ರೀ. ಒಂಬತ್ತು, ಹತ್ತು ಗ್ರಾಫ್, ಹೀಪ್, ಸುಲಭದ ಡೈನಾಮಿಕ್ ಪ್ರೋಗ್ರಾಮಿಂಗ್. ಕೊನೆಯ ಎರಡು ವಾರ ಹೊಸದೇನೂ ಬೇಡ, ಬರೀ ಅಣಕು ಇಂಟರ್‌ವ್ಯೂ ಮತ್ತು ಕಾಲೇಜಿನ ಮೂಲ ವಿಷಯಗಳು.

ಲೀಟ್‌ಕೋಡ್, ಹ್ಯಾಕರ್‌ರ್ಯಾಂಕ್ ಎರಡರಲ್ಲೂ ಬಿಟ್ಟಿಯಾಗಿ ಸಿಗುವ ಪ್ರಶ್ನೆಗಳು ಧಾರಾಳ ಸಾಕು. ನೂರೈವತ್ತು ಪ್ರಶ್ನೆ ಸರಿಯಾಗಿ ಮಾಡಿದವನು ಐನೂರು ಪ್ರಶ್ನೆಯ ಉತ್ತರ ನೋಡಿದವನಿಗಿಂತ ಮುಂದೆ ಇರುತ್ತಾನೆ. ಸರಿಯಾಗಿ ಅಂದರೆ ಹೀಗೆ: 25 ನಿಮಿಷ ನೀವೇ ತಿಣುಕಾಡಿ. ಆಗದಿದ್ದರೆ ಸುಳಿವು ಮಾತ್ರ ನೋಡಿ. ಆಗಲೂ ಆಗದಿದ್ದರೆ ಉತ್ತರ ಓದಿ, ಮುಚ್ಚಿಟ್ಟು, ನೋಡದೆ ಬರೆಯಿರಿ. ಮೂರು ದಿನ ಬಿಟ್ಟು ಮತ್ತೆ ಬರೆಯಿರಿ, ಎರಡು ವಾರ ಬಿಟ್ಟು ಮತ್ತೊಮ್ಮೆ.

ಪ್ರಶ್ನೆಯ ಗಾತ್ರ ನೋಡಿ ದಾರಿ ಊಹಿಸುವುದನ್ನೂ ಈಗಲೇ ಕಲಿಯಿರಿ. ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಸೆಕೆಂಡಿಗೆ ಸುಮಾರು 10 ಕೋಟಿ ಸಣ್ಣ ಲೆಕ್ಕ ಆಗುತ್ತದೆ ಅಂತ ಇಟ್ಟುಕೊಳ್ಳಿ, ಪೈಥಾನ್‌ನಲ್ಲಿ ಅದಕ್ಕಿಂತ ತುಂಬ ಕಡಿಮೆ. 1,000 ಸಂಖ್ಯೆ ಇದ್ದರೆ ಒಂದರೊಳಗೊಂದು ಎರಡು ಲೂಪ್ ಹಾಕಿದರೂ 10 ಲಕ್ಷ, ನಡೆಯುತ್ತದೆ. 1 ಲಕ್ಷ ಸಂಖ್ಯೆ ಇದ್ದರೆ ಅದೇ ಎರಡು ಲೂಪು 1,000 ಕೋಟಿ, ಅಲ್ಲಿಗೆ ಕತೆ ಮುಗಿಯಿತು.

ಎಚ್ಚರಿಕೆಯ ಲಕ್ಷಣ: ಪ್ರಶ್ನೆಯ ಹೆಸರು ನೋಡಿದ ಕೂಡಲೇ ಉತ್ತರ ನೆನಪಾಗುತ್ತದೆ, ಆದರೆ ಒಂದು ಷರತ್ತು ಬದಲಿಸಿದರೆ ಕೈ ನಿಲ್ಲುತ್ತದೆ. ಅಂದರೆ ಬಾಯಿಪಾಠ ಆಗಿದೆ, ಕಲಿತದ್ದಲ್ಲ.

## ಹಂತ 4: ಬಾಯಿ ಬಿಡುವುದನ್ನು ಕಲಿಯುವುದು

ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪ್ಲಸ್ ಟೂಗೆ ಹೋದಾಗ ಒಮ್ಮೆಲೇ ಪಾಠವೆಲ್ಲ ಇಂಗ್ಲಿಷಿನಲ್ಲಿ. ನಾಲ್ಕು ಭಾಷೆ ಬರುತ್ತದೆ, ಆದರೆ ಇಂಟರ್‌ವ್ಯೂಗೆ ಬೇಕಾದದ್ದು ನಮ್ಮ ಬಾಯಲ್ಲಿ ಓಡಾಡಿದ್ದೇ ಇಲ್ಲ. ಇಂಗ್ಲಿಷ್ ಓದುತ್ತೇವೆ, ಬರೆಯುತ್ತೇವೆ, ಗಟ್ಟಿಯಾಗಿ ಮಾತ್ರ ಆಡುವುದಿಲ್ಲ.

ನನ್ನ ಮೊದಲ ಇಂಟರ್‌ವ್ಯೂ ಫೋನಿನಲ್ಲಿ ನಡೆಯಿತು. ಕೋಡ್ ಮಾತ್ರ ಇಬ್ಬರಿಗೂ ಕಾಣುವ ಒಂದು ಪುಟದಲ್ಲಿ. ಲಿಂಕ್ಡ್ ಲಿಸ್ಟ್ ತಿರುಗಿಸುವ ಪ್ರಶ್ನೆ, ಸರಿಯಾಗಿಯೇ ಬರೆದೆ. "ಲಿಸ್ಟ್ ಖಾಲಿ ಇದ್ದರೆ?" ಎಂದು ಆಚೆಯಿಂದ ಕೇಳಿದರು. ಅದಕ್ಕೆ ಎರಡನೇ ಸಾಲಿನಲ್ಲೇ ಉತ್ತರ ಇತ್ತು. ನಾನು ಆ ಸಾಲಿನ ಮೇಲೆ ಬೆರಳಿಟ್ಟು "ದಿಸ್, ದಿಸ್" ಎಂದೆ. ಫೋನಿನಲ್ಲಿ! ಅವರಿಗೆ ನನ್ನ ಬೆರಳು ಕಾಣುವುದು ಹೇಗೆ? ಮತ್ತೆ ಒಂದಷ್ಟು ಹೊತ್ತು ಇಬ್ಬರೂ ಸುಮ್ಮನೆ. ಆ ಕೆಲಸ ಸಿಗಲಿಲ್ಲ.

ಇದಕ್ಕೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಬೇಕಾಗಿಲ್ಲ. ಬೇಕಾಗುವ ವಾಕ್ಯಗಳೇ ಕಡಿಮೆ. "ಕ್ಯಾನ್ ಐ ಅಸ್ಯೂಮ್...", "ಲೆಟ್ ಮಿ ಟೇಕ್ ಎ ಸ್ಮಾಲ್ ಎಕ್ಸಾಂಪಲ್", "ದ ಸಿಂಪಲ್ ವೇ ಈಸ್..., ಬಟ್ ಇಟ್ ಈಸ್ ಸ್ಲೋ ಬಿಕಾಸ್...", "ಗಿವ್ ಮಿ ಎ ಮಿನಿಟ್ ಟು ಥಿಂಕ್", "ಐ ಆಮ್ ಸ್ಟಕ್ ಹಿಯರ್ ಬಿಕಾಸ್...". ಇಂಥ ಹತ್ತು ವಾಕ್ಯ ನಾಲಿಗೆಯ ಮೇಲೆ ಕೂತರೆ ಮುಕ್ಕಾಲು ಕೆಲಸ ಆಯಿತು. ವ್ಯಾಕರಣ ತಪ್ಪಿದರೆ ತಪ್ಪಲಿ. "ಹಿ ಡೋಂಟ್" ಅಂದದ್ದಕ್ಕೆ ನಾನು ಯಾರನ್ನೂ ಕೈಬಿಟ್ಟಿಲ್ಲ.

ಅಭ್ಯಾಸದ ಕ್ರಮ ಹೀಗೆ. ಒಂದು ಪ್ರಶ್ನೆ ಬಿಡಿಸಿದ ಮೇಲೆ ಮೊದಲು ಕನ್ನಡದಲ್ಲೋ ತುಳುವಿನಲ್ಲೋ ಯಾರಿಗಾದರೂ ಹೇಳಿ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತ ಅಮ್ಮನಾದರೂ ಸರಿ. ಅವರಿಗೆ ಹ್ಯಾಶ್‌ಮ್ಯಾಪ್ ಅರ್ಥ ಆಗುವಂತೆ ಹೇಳಲಾಗದಿದ್ದರೆ ನಿಮಗೂ ಪೂರ್ತಿ ಆಗಿಲ್ಲ ಅಂತಲೇ ಲೆಕ್ಕ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ನಮ್ಮದೇ ದನಿ ಕೇಳುವಾಗ ಮೈ ಜುಂ ಅನ್ನುತ್ತದೆ, ಗೊತ್ತು. ನಾಲ್ಕನೇ ದಿನಕ್ಕೆ ಅಭ್ಯಾಸ ಆಗುತ್ತದೆ.

## ಹಂತ 5: ಆನ್‌ಲೈನ್ ಟೆಸ್ಟ್

ಎಲ್ಲ ಪ್ರಶ್ನೆ ಮೊದಲು ಓದಿ, ಸುಲಭದ್ದರಿಂದ ಶುರು ಮಾಡಿ. ಪೂರ್ತಿ ಉತ್ತರ ಹೊಳೆಯದಿದ್ದರೆ ನಿಧಾನದ ಉತ್ತರವನ್ನಾದರೂ ಬರೆದು ಹಾಕಿ. ಎಷ್ಟೋ ಟೆಸ್ಟ್‌ಗಳಲ್ಲಿ ಪಾಸಾದ ಟೆಸ್ಟ್‌ಕೇಸಿನಷ್ಟು (ಕೋಡನ್ನು ಪರೀಕ್ಷಿಸಲು ಅವರು ಹಾಕುವ ಒಂದೊಂದು ಉದಾಹರಣೆ) ಅಂಕ ಸಿಗುತ್ತದೆ, ಖಾಲಿ ಬಿಟ್ಟರೆ ಸೊನ್ನೆ.

ಕ್ಯಾಮೆರಾ ಆನ್ ಇರುತ್ತದೆ, ಬೇರೆ ಟ್ಯಾಬಿಗೆ ಹೋದರೆ ದಾಖಲಾಗುತ್ತದೆ. ಪಕ್ಕದಲ್ಲಿ ಗೆಳೆಯನನ್ನು ಕೂರಿಸಿಕೊಂಡೋ ಎಐ ಕೈಯಿಂದ ಬರೆಸಿಯೋ ಪಾಸಾಗುವವರಿದ್ದಾರೆ. ಮುಂದಿನ ರೌಂಡಿನಲ್ಲಿ ನಾವು ಕೇಳುವ ಮೊದಲ ಪ್ರಶ್ನೆಯೇ "ಟೆಸ್ಟಿನಲ್ಲಿ ಬರೆದದ್ದನ್ನು ಸ್ವಲ್ಪ ವಿವರಿಸಿ" ಅಂತ ಇರಬಹುದು. ಲೈವ್ ಇಂಟರ್‌ವ್ಯೂನಲ್ಲಂತೂ ಪರದೆಯ ಮೂಲೆ ಓದುವ ಕಣ್ಣು ನಮಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

## ಹಂತ 6: ಟೆಕ್ನಿಕಲ್ ರೌಂಡ್, ಆ 45 ನಿಮಿಷ

ಎಲ್ಲರೂ ಬೀಳುವುದು ಇಲ್ಲೇ. ಸಮಯವನ್ನು ಹೀಗೆ ಹಂಚಿಕೊಳ್ಳಿ: 5 ನಿಮಿಷ ಪ್ರಶ್ನೆಯನ್ನೇ ಪ್ರಶ್ನಿಸುವುದಕ್ಕೆ, 7 ನಿಮಿಷ ದಾರಿ ಹೇಳುವುದಕ್ಕೆ, 18 ನಿಮಿಷ ಕೋಡ್, 8 ನಿಮಿಷ ಪರೀಕ್ಷೆ, ಉಳಿದದ್ದು ಅವರ ಮತ್ತು ನಿಮ್ಮ ಪ್ರಶ್ನೆಗಳಿಗೆ. ಕೋಡಿಗೆ ಅರ್ಧಕ್ಕಿಂತ ಕಡಿಮೆ ಸಮಯ, ನೋಡಿದಿರಾ?

ಒಂದು ಪ್ರಶ್ನೆಯನ್ನು ಹಿಡಿದು ಪೂರ್ತಿ ನೋಡೋಣ. ಚಾಲಿ ಅಡಿಕೆಯ ಆರು ಗೋಣಿ ಇವೆ. ತೂಕ ಕಿಲೋದಲ್ಲಿ: 62, 70, 55, 68, 65, 58. ಒಟ್ಟು 120 ಕಿಲೋ ಆಗುವ ಎರಡು ಗೋಣಿ ಯಾವುವು, ಅವುಗಳ ಸ್ಥಾನ ಹೇಳಿ. ಇದು ಎಲ್ಲರೂ ಮೊದಲ ವಾರದಲ್ಲೇ ಮಾಡುವ ಪ್ರಶ್ನೆ, ಗೋಣಿ ಮಾತ್ರ ನನ್ನದು.

ಮೊದಲು ಕೇಳಿ. ಒಂದಕ್ಕಿಂತ ಹೆಚ್ಚು ಜೋಡಿ ಇದ್ದರೆ ಯಾವುದಾದರೂ ಒಂದು ಸಾಕೇ? ಒಂದೇ ಗೋಣಿಯನ್ನು ಎರಡು ಸಲ ಲೆಕ್ಕ ಹಾಕಬಹುದೇ? ಜೋಡಿಯೇ ಇಲ್ಲದಿದ್ದರೆ ಏನು ಕೊಡಲಿ? ತೂಕ ಕ್ರಮದಲ್ಲಿದೆಯೇ? ಎಷ್ಟು ಗೋಣಿ ಇರಬಹುದು? ಇದು ಸಮಯ ಕೊಲ್ಲುವುದಲ್ಲ. ಎಷ್ಟೋ ಸಲ ನಾವು ಬೇಕೆಂದೇ ಪ್ರಶ್ನೆಯನ್ನು ಅರ್ಧ ಹೇಳಿರುತ್ತೇವೆ, ಕೇಳುತ್ತಾರೋ ಇಲ್ಲವೋ ಎಂದು ನೋಡಲು.

ಆಮೇಲೆ ಸಾದಾ ದಾರಿ ಹೇಳಿ. ಪ್ರತಿ ಗೋಣಿಯನ್ನೂ ಅದರ ನಂತರದ ಪ್ರತಿ ಗೋಣಿಯ ಜೊತೆ ಕೂಡಿಸಿ ನೋಡುವುದು. 62ನ್ನು ಹಿಡಿದು ಹೋದರೆ ಕೊನೆಯ 58 ಸಿಗುತ್ತದೆ, ಸ್ಥಾನ 0 ಮತ್ತು 5 (ಎಣಿಕೆ ಸೊನ್ನೆಯಿಂದ). ಉತ್ತರ ಸರಿ. ಆದರೆ ಒಂದು ಲಕ್ಷ ಗೋಣಿ ಇದ್ದರೆ ಸುಮಾರು 500 ಕೋಟಿ ಜೋಡಿ ನೋಡಬೇಕಾದೀತು, ಇದು ಎನ್ ಸ್ಕ್ವೇರ್ (ಗೋಣಿ ಹತ್ತು ಪಟ್ಟಾದರೆ ಕೆಲಸ ನೂರು ಪಟ್ಟು), ಎಂದು ನೀವೇ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಈಗ ಒಳ್ಳೆಯ ದಾರಿ. ಗೋಣಿಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತೇನೆ, ನೋಡಿದ್ದನ್ನು ಮ್ಯಾಪಿನಲ್ಲಿ ಬರೆದಿಡುತ್ತೇನೆ: ತೂಕ, ಅದರ ಸ್ಥಾನ. 62 ಬಂತು, 58 ಬೇಕು, ಮ್ಯಾಪಿನಲ್ಲಿ ಇಲ್ಲ, 62 ಬರೆದಿಟ್ಟೆ. 70 ಬಂತು, 50 ಬೇಕು, ಇಲ್ಲ. 55 ಬಂತು, 65 ಬೇಕು, ಇಲ್ಲ. 68 ಬಂತು, 52 ಬೇಕು, ಇಲ್ಲ. 65 ಬಂತು, 55 ಬೇಕು, ಇದೆ. ಸ್ಥಾನ 2 ಮತ್ತು 4. ಒಂದೇ ಸುತ್ತು, ಓ ಆಫ್ ಎನ್ ಸಮಯ (ಗೋಣಿ ಎಷ್ಟು ಪಟ್ಟೋ ಕೆಲಸವೂ ಅಷ್ಟೇ ಪಟ್ಟು), ಮ್ಯಾಪಿಗೆ ಅಷ್ಟೇ ಜಾಗ.

ಗಮನಿಸಿದಿರಾ? ಸಾದಾ ದಾರಿ ಕೊಟ್ಟದ್ದು 0 ಮತ್ತು 5, ಈ ದಾರಿ ಕೊಟ್ಟದ್ದು 2 ಮತ್ತು 4. ಎರಡೂ ಸರಿ. "ಯಾವುದಾದರೂ ಒಂದು ಜೋಡಿ ಸಾಕೇ" ಎಂದು ಮೊದಲೇ ಕೇಳದವನು ಇಲ್ಲಿ ಗಾಬರಿಯಾಗುತ್ತಾನೆ, ಸರಿಯಿದ್ದ ಕೋಡನ್ನೇ ಅಳಿಸುತ್ತಾನೆ. ಇದು ನನ್ನೆದುರೇ ಆಗಿದೆ, ಒಂದಲ್ಲ ಎರಡು ಸಲ.

ಕೋಡ್ ಬರೆಯುವ ಮೊದಲು ಒಪ್ಪಿಗೆ ಪಡೆಯಿರಿ. "ಇದನ್ನೇ ಬರೆಯಲಾ?" ಎನ್ನಿ. ಬರೆಯುವಾಗ ಪ್ರತಿ ಸಾಲನ್ನೂ ಓದಿ ಹೇಳಬೇಕೆಂದಿಲ್ಲ, ಕ್ರಿಕೆಟ್ ಕಾಮೆಂಟರಿ ಬೇಡ. ಏನು ಮಾಡಲು ಹೊರಟಿದ್ದೀರಿ ಎಂದು ಎರಡು ಮೂರು ಸಾಲಿಗೊಮ್ಮೆ ಹೇಳಿದರೆ ಆಯಿತು. ಹೆಸರುಗಳು ಅರ್ಥ ಆಗುವಂತಿರಲಿ, ಎ, ಬಿ, ಟೆಂಪ್ 1 ಬೇಡ.

ಮುಗಿದ ಮೇಲೆ "ಡನ್" ಅನ್ನಬೇಡಿ. ನೀವೇ ಒಂದು ಉದಾಹರಣೆ ಹಿಡಿದು ಸಾಲು ಸಾಲಾಗಿ ನಡೆಸಿ. ಕೆಲವು ಕಡೆ ರನ್ ಮಾಡುವ ಬಟನ್ನೇ ಇರುವುದಿಲ್ಲ. ಖಾಲಿ ಪಟ್ಟಿ, ಒಂದೇ ಗೋಣಿ, ಒಂದೇ ತೂಕದ ಎರಡು ಗೋಣಿ ಇವನ್ನು ನೋಡಿ. ಈ ಪ್ರಶ್ನೆಯಲ್ಲಿ ಅಡಗಿರುವ ಗುಂಡಿ, ಪಟ್ಟಿಯಲ್ಲಿ ಬರಬಹುದಾದ 60 ಕಿಲೋದ ಗೋಣಿ. ಮ್ಯಾಪಿಗೆ ಮೊದಲು ಹಾಕಿ ಆಮೇಲೆ ಹುಡುಕಿದರೆ 60 ತನಗೆ ತಾನೇ ಜೋಡಿಯಾಗಿ ಬಿಡುತ್ತದೆ. ಮೊದಲು ಹುಡುಕಬೇಕು, ಆಮೇಲೆ ಹಾಕಬೇಕು. ಆ ತಪ್ಪು ಮಾಡಿದರೂ ಪರವಾಗಿಲ್ಲ, ನಾವು ಹೇಳುವ ಮೊದಲು ನೀವೇ ಹಿಡಿದರೆ ಅದು ನಿಮ್ಮ ಖಾತೆಗೆ ಜಮೆ.

ಸಿಕ್ಕಿಹಾಕಿಕೊಂಡರೆ? ಎಲ್ಲಿ ಸಿಕ್ಕಿದೆ ಎಂದು ಹೇಳಿ. ಸಣ್ಣ ಉದಾಹರಣೆಯನ್ನು ಕೈಯಲ್ಲೇ ಬಿಡಿಸಿ. ಸುಳಿವು ಕೊಟ್ಟರೆ ಹಿಡಿದುಕೊಳ್ಳಿ. ಸುಳಿವು ತೆಗೆದುಕೊಂಡರೆ ಅಂಕ ಹೋಗುತ್ತದೆ ಎಂದು ನಮ್ಮ ಹುಡುಗರು ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಸುಳಿವು ಸಿಕ್ಕಿದ ಮೇಲೂ ಮುಂದೆ ಸಾಗದಿದ್ದರೆ ಹೋಗುವ ಅಂಕ ಜಾಸ್ತಿ.

ಎಚ್ಚರಿಕೆಯ ಲಕ್ಷಣಗಳು: ಇಂಟರ್‌ವ್ಯೂ ಮಾಡುವವರು "ಆರ್ ಯೂ ಶ್ಯೂರ್?" ಎಂದರೆ ಹೆಚ್ಚಿನ ಸಲ ಏನೋ ತಪ್ಪಿದೆ, ನಿಂತು ನೋಡಿ. ಒಂದೇ ಮಾತನ್ನು ಬೇರೆ ಬೇರೆ ರೀತಿ ಎರಡನೇ ಸಲ ಕೇಳಿದರೆ ನೀವು ದಾರಿ ತಪ್ಪಿದ್ದೀರಿ. ನೀವು ಐದು ನಿಮಿಷದಿಂದ ಮಾತಾಡಿಲ್ಲವೆಂದು ಗೊತ್ತಾದರೆ ಈಗಲೇ ಬಾಯಿ ತೆರೆಯಿರಿ.

## ಹಂತ 7: ಪ್ರಾಜೆಕ್ಟ್ ಮತ್ತು ಕಾಲೇಜಿನ ಪಾಠ

ಡೇಟಾಬೇಸ್‌ನಲ್ಲಿ ಜಾಯಿನ್, ಇಂಡೆಕ್ಸ್, ಟ್ರಾನ್ಸಾಕ್ಷನ್. ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪ್ರೊಸೆಸ್ಸಿಗೂ ಥ್ರೆಡ್ಡಿಗೂ ವ್ಯತ್ಯಾಸ, ಡೆಡ್‌ಲಾಕ್. ನೆಟ್‌ವರ್ಕ್‌ನಲ್ಲಿ ಟಿಸಿಪಿ, ಯುಡಿಪಿ, ಬ್ರೌಸರ್‌ನಲ್ಲಿ ವಿಳಾಸ ಹೊಡೆದರೆ ಮುಂದೆ ಏನೇನು ನಡೆಯುತ್ತದೆ. ಆಬ್ಜೆಕ್ಟ್ ಓರಿಯೆಂಟೆಡ್ ಬಗ್ಗೆ ಪ್ರಾಣಿ, ನಾಯಿ, ಬೆಕ್ಕಿನ ಉದಾಹರಣೆ ಬಿಟ್ಟು ನಿಮ್ಮ ಪ್ರಾಜೆಕ್ಟಿನದ್ದೇ ಹೇಳಿ. ಇಷ್ಟು ಗಟ್ಟಿ ಇದ್ದರೆ ಸಾಕು.

ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದವರಿಗೆ ಒಂದು ಮಾತು. "ಇಲ್ಲಿ ಮೈಎಸ್‌ಕ್ಯೂಎಲ್ ಯಾಕೆ, ಬೇರೆ ಯಾಕಲ್ಲ?" ಎಂದು ಕೇಳಿದರೆ ಎರಡು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ. ಸಣ್ಣದಾದರೂ ಸ್ವಂತದ್ದು ಮಾಡಿ. ಊರಿನ ಹಾಲಿನ ಸೊಸೈಟಿಯ ಲೆಕ್ಕ ಬರೆಯುವ ಪುಟ್ಟ ಆಪ್ ತೋರಿಸಿದ ಹುಡುಗಿಯೊಬ್ಬಳ ಜೊತೆ ನಾನು ನಿಗದಿಗಿಂತ ಹದಿನೈದು ನಿಮಿಷ ಜಾಸ್ತಿ ಮಾತಾಡಿದ್ದೇನೆ. ನೆಟ್ ಇಲ್ಲದಾಗ ಎಂಟ್ರಿ ಎಲ್ಲಿ ಉಳಿಯುತ್ತದೆ, ಬಂದ ಮೇಲೆ ಎರಡೆರಡು ಸಲ ಸೇರದಂತೆ ಹೇಗೆ ನೋಡಿಕೊಂಡೆ ಎಂದು ಅವಳು ಹೇಳಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

## ಹಂತ 8: ಮ್ಯಾನೇಜರ್, ಎಚ್‌ಆರ್ ರೌಂಡ್

ಜಗಳ ಆದದ್ದು, ಸೋತದ್ದು, ಗಡುವು ತಪ್ಪಿದ್ದು, ಯಾರೂ ಹೇಳದೆ ಮಾಡಿದ ಕೆಲಸ ಹೀಗೆ ನಾಲ್ಕೈದು ನಿಜ ಘಟನೆ ಬರೆದಿಟ್ಟುಕೊಳ್ಳಿ. ಸಂದರ್ಭ ಎರಡು ಸಾಲು, ನೀವು ಮಾಡಿದ್ದು ಆರು ಸಾಲು, ಏನಾಯಿತು ಎರಡು ಸಾಲು. ಅಮೆಜಾನ್‌ನಂಥ ಕಡೆ ಅವರ 16 ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳನ್ನು ಓದಿಕೊಂಡು ಹೋಗಿ, ಪ್ರಶ್ನೆಗಳು ಅದರ ಸುತ್ತಲೇ ಇರುತ್ತವೆ.

ನಮ್ಮ ಕಡೆಯವರ ಖಾಯಂ ತಪ್ಪು "ನಾವು". "ನಾವು ಮಾಡಿದೆವು, ನಾವು ಸರಿ ಮಾಡಿದೆವು." ವಿನಯವೇ ಇರಬಹುದು, ಆದರೆ ಅದರಲ್ಲಿ ನಿಮ್ಮ ಪಾಲು ಎಷ್ಟು ಎಂದು ನಾನು ಹೇಗೆ ತಿಳಿಯಲಿ? ಇಲ್ಲಿ "ನಾನು" ಅನ್ನುವುದು ಜಂಬ ಅಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ಪ್ರಶ್ನೆ ಗ್ಯಾರಂಟಿ: "ಕೇರಳದವರಲ್ವಾ, ಇಷ್ಟು ಒಳ್ಳೆ ಕನ್ನಡ ಹೇಗೆ?" ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕತೆ ಶುರು ಮಾಡಬೇಡಿ. "ಕನ್ನಡ ಶಾಲೆಯಲ್ಲೇ ಓದಿದ್ದು" ಎಂದು ನಕ್ಕು ಮುಂದೆ ಹೋಗಿ.

## ಹಂತ 9: ಆ ದಿನದ ವ್ಯವಸ್ಥೆ

ಮಳೆಗಾಲದಲ್ಲಿ ಮನೆಯಿಂದ ಆನ್‌ಲೈನ್ ಇಂಟರ್‌ವ್ಯೂ ಅಂದರೆ ಕರೆಂಟ್ ಹೋಗುತ್ತದೆ ಎಂದೇ ಲೆಕ್ಕ ಹಾಕಿ. ತಂತಿಯ ಮೇಲೆ ಒಂದು ಅಡಿಕೆ ಮರ ಬಿದ್ದರೆ ಸಂಜೆಯವರೆಗೆ ಮುಗಿಯಿತು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್, ಫೋನಿನ ಹಾಟ್‌ಸ್ಪಾಟ್ ಹಿಂದಿನ ದಿನವೇ ಅದೇ ಕೋಣೆಯಲ್ಲಿ, ಅದೇ ಹೊತ್ತಿಗೆ ಪರೀಕ್ಷೆ ಮಾಡಿ. ಗುಡ್ಡದ ಬದಿ ಮನೆಯಾದರೆ ಕಾಸರಗೋಡಿಗೋ ಮಂಗಳೂರಿಗೋ ಹೋಗಿ ಗೆಳೆಯನ ರೂಮಿನಲ್ಲಿ ಕೂರುವುದು ಒಳ್ಳೆಯದು. ಕರೆ ಕಡಿದರೆ ಯಾರಿಗೆ ಫೋನ್ ಮಾಡಬೇಕು ಎಂದು ಎಚ್‌ಆರ್ ನಂಬರ್ ಕಾಗದದಲ್ಲಿ ಬರೆದಿಡಿ.

ಬೆಂಗಳೂರಿಗೇ ಹೋಗುವುದಾದರೆ ಒಂದು ದಿನ ಮೊದಲೇ ಮುಟ್ಟಿ. ರಾತ್ರಿ ರೈಲಿನಲ್ಲಿ ಹೋಗಿ ಬೆಳಿಗ್ಗೆ ಸ್ಟೇಷನ್ನಿನಲ್ಲೇ ಮುಖ ತೊಳೆದು ಇಂಟರ್‌ವ್ಯೂಗೆ ಓಡುವ ಪ್ಲಾನು ಬೇಡ. ಮಳೆಗಾಲದಲ್ಲಿ ಸಕಲೇಶಪುರ ಸುಬ್ರಹ್ಮಣ್ಯ ನಡುವಿನ ಘಾಟಿಯಲ್ಲಿ ಮಣ್ಣು ಕುಸಿದರೆ ರೈಲೇ ಇರುವುದಿಲ್ಲ.

## ಹಂತ 10: ಆದ ಮೇಲೆ

ಅದೇ ರಾತ್ರಿ ಕೇಳಿದ ಪ್ರಶ್ನೆಗಳನ್ನು, ಎಲ್ಲಿ ತಡವರಿಸಿದಿರಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಗಲಿಲ್ಲ ಎಂದು ಬಂದರೆ ಎಷ್ಟು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಬಹುದು ಎಂದು ಕೇಳಿ. ಆರು ತಿಂಗಳು, ಒಂದು ವರ್ಷ ಕಾಯಿಸುವ ಕಂಪನಿಗಳಿವೆ.

ಆಫರ್ ಬಂದರೆ ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ನೋಡಿ ಕುಣಿಯಬೇಡಿ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಸಿಗಬಹುದಾದ ಬೋನಸ್ ಎಲ್ಲ ಸೇರಿರುತ್ತದೆ. ತಿಂಗಳಿಗೆ ಕೈಗೆ ಎಷ್ಟು, ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ಇದೆಯೇ, ಇದ್ದರೆ ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು ಇದನ್ನು ಓದಿ.

ಯಾರಾದರೂ ಸೆಕ್ಯುರಿಟಿ ಡೆಪಾಸಿಟ್, ಟ್ರೇನಿಂಗ್ ಫೀಸ್, ಲ್ಯಾಪ್‌ಟಾಪ್ ಚಾರ್ಜ್ ಅಂತ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಇಂಟರ್‌ವ್ಯೂ ಇಲ್ಲದೆ ಬಂದ ಆಫರ್, ಕಂಪನಿಯ ಹೆಸರಿದ್ದರೂ ಜಿಮೇಲ್‌ನಿಂದ ಬಂದ ಪತ್ರ, "ಇವತ್ತೇ ಕಟ್ಟಿ" ಎಂಬ ಅವಸರ, ಇವೆಲ್ಲ ಒಂದೇ ಜಾತಿ. ಹೀಗೆ ದುಡ್ಡು ಕಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಕೊನೆಯ ಕೆಲಸ, ಆದರೆ ಇವತ್ತೇ ಶುರು ಮಾಡಬೇಕಾದ್ದು: ಎಸ್ಸೆಸ್ಸೆಲ್ಸಿ ಪುಸ್ತಕ, ಆಧಾರ್, ಪ್ಯಾನ್, ಡಿಗ್ರಿ ಸರ್ಟಿಫಿಕೇಟ್ ನಾಲ್ಕನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬಿಡಿಸಿ ಬರೆದದ್ದು, ಮನೆ ಹೆಸರಿಗೆ ಮಲಯಾಳದ ಉಚ್ಚಾರದಂತೆ ಒಂದು ಸ್ಪೆಲ್ಲಿಂಗ್, ಕನ್ನಡದಂತೆ ಇನ್ನೊಂದು. ಸೇರುವ ದಿನ ಹತ್ತಿರ ಬಂದಾಗ ಇದನ್ನು ಸರಿ ಮಾಡಲು ಹೊರಟವರು ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೂ ಕಚೇರಿಗೂ ಎಷ್ಟು ಸಲ ನಡೆದರು ಎಂದು ಅವರನ್ನೇ ಕೇಳಿ. ಹತ್ತನೆಯದರಲ್ಲಿ ಇರುವಂತೆಯೇ ಉಳಿದದ್ದನ್ನು ಸರಿಮಾಡಿಸಿಕೊಳ್ಳಿ, ರೆಸ್ಯೂಮೆಯಲ್ಲೂ ಅದೇ ಹೆಸರು ಇರಲಿ.